ದಂಬೆಗೆ ಜಾಲರಿ: ಲೆಕ್ಕ ಏನು ಹೇಳುತ್ತದೆ?

ಮುಂಗಾರು ಸಮೀಪಿಸುತ್ತಿದ್ದಂತೆ ನಮ್ಮ ಸದಸ್ಯರಲ್ಲಿ ಕೆಲವರು ತೆರಿಗೆಯ ವಿಷಯ ಮುಗಿದ ಬಳಿಕ ಕುರ್ಚಿಯಿಂದ ಏಳುವ ಮುನ್ನ ಇನ್ನೊಂದು ಪ್ರಶ್ನೆ ಕೇಳುವುದುಂಟು. ‘ಮನೆಯ ಮಾಡಿನ ದಂಬೆಗೆ ಜಾಲರಿ ಹಾಕಿಸಬೇಕೆಂದಿದ್ದೇವೆ. ಹಾಕಿದ ಹಣ ಹುಟ್ಟುತ್ತದೆಯೇ?’ ಪ್ರಶ್ನೆ ಸಣ್ಣದು. ಆದರೆ ಯಂತ್ರ ಕೊಳ್ಳುವಾಗ, ಗೋದಾಮು ವಿಸ್ತರಿಸುವಾಗ ನಾವು ಮಾಡುವ ಲೆಕ್ಕಕ್ಕೂ ಈ ಲೆಕ್ಕಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಇಂದು ಒಂದಷ್ಟು ಹಣ ತೊಡಗಿಸಿ ಮುಂದಿನ ವರ್ಷಗಳ ಖರ್ಚನ್ನು ತಗ್ಗಿಸಬಹುದೇ ಎಂಬುದೇ ಎರಡರಲ್ಲಿಯೂ ಇರುವ ಪ್ರಶ್ನೆ. ಈ ಲೆಕ್ಕವನ್ನು ನಾನು ನನ್ನ ಮನೆಗಾಗಿ ಎರಡು ಬಾರಿ ಮಾಡಿದ್ದೇನೆ. ಮೊದಲ ಬಾರಿ ಅಂಕಿಗಳೆಲ್ಲ ಸರಿಯಿದ್ದವು, ತೀರ್ಮಾನ ಮಾತ್ರ ತಪ್ಪಾಗಿತ್ತು. ಅದು ಹೇಗೆಂಬುದನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ನೀರಿನ ಪ್ರಮಾಣ

ಮಾಡಿನ ಅಂಚಿನಲ್ಲಿ ನೀರನ್ನು ಹಿಡಿದು ಒಂದೆಡೆಗೆ ಒಯ್ಯುವ ಕಾಲುವೆಗೆ ಕರಾವಳಿಯಲ್ಲಿ ದಂಬೆ ಎನ್ನುತ್ತೇವೆ. ಪೇಟೆಯಲ್ಲಿ ಗಟರ್ ಎಂಬ ಮಾತೂ ಬಳಕೆಯಲ್ಲಿದೆ. ಹಿಂದೆ ಅಡಿಕೆ ಮರವನ್ನು ಸೀಳಿ, ತಿರುಳು ತೆಗೆದು ದಂಬೆ ಮಾಡುತ್ತಿದ್ದರು. ಅನಂತರ ಜಿ.ಐ. ತಗಡು ಬಂದಿತು, ಈಗ ಪಿವಿಸಿ ಮತ್ತು ಅಲ್ಯೂಮಿನಿಯಂ ಬಂದಿವೆ. ಹಳೆಯ ಹೆಂಚಿನ ಮನೆಗಳಲ್ಲಿ ಎಷ್ಟೋ ಕಡೆ ದಂಬೆಯೇ ಇರಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಸೂರನ್ನು ಅಗಲವಾಗಿ ಚಾಚಿ, ನೀರು ಗೋಡೆಯಿಂದ ದೂರದಲ್ಲಿ ಅಂಗಳಕ್ಕೆ ಬೀಳುವಂತೆ ಕಟ್ಟುತ್ತಿದ್ದರು. ನಿವೇಶನಗಳು ಕಿರಿದಾಗಿ ಸೂರು ಮೋಟಾದ ಬಳಿಕ ದಂಬೆ ಅನಿವಾರ್ಯವಾಯಿತು. ಆದುದರಿಂದ ಅಗಲವಾದ ಸೂರು ಮತ್ತು ಇಳಿಜಾರಿನ ಅಂಗಳವುಳ್ಳವರು ಜಾಲರಿಗಿಂತ ಮೊದಲು ಆ ಪಾರ್ಶ್ವಕ್ಕೆ ದಂಬೆ ಬೇಕೇ ಎಂಬುದನ್ನೇ ವಿಚಾರಿಸಬಹುದು.

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಸುರಿದರೆ ಒಂದು ಲೀಟರ್ ನೀರಾಗುತ್ತದೆ. ಮಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 3,500 ಮಿ.ಮೀ.ಗಿಂತ ಅಧಿಕ ಮಳೆಯಾಗುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. 140 ಚದರ ಮೀಟರ್, ಅಂದರೆ ಸುಮಾರು 1,500 ಚದರ ಅಡಿಯ ಮಾಡಿನ ಮೇಲೆ ವರ್ಷಕ್ಕೆ ಸುಮಾರು 4.9 ಲಕ್ಷ ಲೀಟರ್ ನೀರು ಬೀಳುತ್ತದೆಂದಾಯಿತು. ಗಂಟೆಗೆ 60 ಮಿ.ಮೀ. ವೇಗದ ಮಳೆ ಬಂದಾಗ ಮಾಡಿನ ಒಂದು ಮಗ್ಗುಲಿನ ದಂಬೆಗೆ ನಿಮಿಷಕ್ಕೆ 70 ಲೀಟರ್‌ನಂತೆ ನೀರು ಇಳಿಯುತ್ತದೆ. ಆಗ ಕೊಳವೆಯ ಬಾಯಿಗೆ ನಾಲ್ಕು ಹಲಸಿನ ಎಲೆ ಅಂಟಿಕೊಂಡರೂ ಸಾಕು, ನೀರು ತುಂಬಿ ಹಿಂದಕ್ಕೆ ಚೆಲ್ಲಿ ಗೋಡೆಗೆ, ಪಕ್ಕಾಸಿನ ತುದಿಗೆ ಹತ್ತುತ್ತದೆ. ಮರದ ಪಕ್ಕಾಸು ಕುಂಬಾಗುವುದು, ಸುಣ್ಣ ಬಣ್ಣ ಉದುರುವುದು, ಕೆಂಪುಕಲ್ಲಿನ ಗೋಡೆ ತೇವ ಹೀರುವುದು ಎಲ್ಲವೂ ಇದರ ಬಳಿಕದ ಕಥೆ.

ಇನ್ನೊಂದು ಅಂಶವೂ ಇದೆ. ಕಟ್ಟಿಕೊಂಡ ದಂಬೆಯಲ್ಲಿ ನಿಂತ ನೀರು ಈಡಿಸ್ ಸೊಳ್ಳೆಗೆ ತವರು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಒಂದು ವಾರದಿಂದ ಹತ್ತು ದಿನ ಸಾಕಾಗುತ್ತದೆ. 2024ರಲ್ಲಿ ಕರ್ನಾಟಕ ಸರ್ಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಆಸ್ಪದ ಕೊಡುವ ಮನೆಗಳಿಗೂ ವಾಣಿಜ್ಯ ಕಟ್ಟಡಗಳಿಗೂ ದಂಡ ವಿಧಿಸಲು ಅವಕಾಶ ಕಲ್ಪಿಸಿದ್ದನ್ನು ನಮ್ಮ ಸದಸ್ಯರು ಬಲ್ಲರು.

ಮಾರುಕಟ್ಟೆಯಲ್ಲಿರುವ ಬಗೆಗಳು

ಜಾಲರಿ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತವೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಅಡಿಯ ಲೆಕ್ಕದಲ್ಲಿ ದೊರೆಯುವ ದೊಡ್ಡ ಕಣ್ಣಿನ ತಂತಿ ಬಲೆ ಮೊದಲನೆಯದು. ಹಲಸು, ಮಾವಿನಂತಹ ದೊಡ್ಡ ಎಲೆಗಳನ್ನು ಅದು ಸಮರ್ಥವಾಗಿ ತಡೆಯುತ್ತದೆ, ತೆಂಗಿನ ಹೂವಿನ ಉದುರು, ಗಾಳಿಮರದ ಸೂಜಿ, ಹುಣಸೆಯ ಚಿಗುರೆಲೆಗಳನ್ನು ತಡೆಯಲಾರದು. ಎರಡನೆಯದು ಬಹು ಸೂಕ್ಷ್ಮ ಕಣ್ಣಿನ ಉಕ್ಕಿನ ಜಾಲರಿ. ಇದು ಎಲ್ಲವನ್ನೂ ತಡೆಯುತ್ತದೆ. ಆದರೆ ನಮ್ಮ ಮಳೆಗಾಲದ ತೇವದಲ್ಲಿ ಅದರ ಮೇಲೆ ಪಾಚಿ ಹಿಡಿದರೆ ನೀರನ್ನೂ ತಡೆಯುತ್ತದೆ. ಜೋರು ಮಳೆಯಲ್ಲಿ ಕಡಿದಾದ ಹೆಂಚಿನ ಮಾಡಿನಿಂದ ಇಳಿದ ನೀರು ಅದನ್ನು ದಾಟಿ ಹೊರಕ್ಕೆ ಹಾರುವುದೂ ಉಂಟು. ದಂಬೆಯ ಒಳಗೆ ತುರುಕುವ ಸ್ಪಂಜಿನ ಪಟ್ಟಿ ಮತ್ತು ಬ್ರಷ್‌ನಂತಹ ಕುಂಚ ಮೂರನೆಯ ಬಗೆ. ಇವು ಅಗ್ಗ, ಆದರೆ ಸ್ಪಂಜಿನಲ್ಲಿ ಮಣ್ಣು ಸೇರಿ ಅಶ್ವತ್ಥದ ಸಸಿ ಮೊಳೆಯಲು ಹೆಚ್ಚು ಕಾಲ ಬೇಕಾಗದು. ನಾಲ್ಕನೆಯದು ದಂಬೆಯ ಮೇಲೆ ಮುಚ್ಚಳದಂತೆ ಬಾಗಿರುವ ತಗಡು. ನೀರು ಅದರ ಬಾಗನ್ನು ಅಂಟಿಕೊಂಡು ಒಳಗಿಳಿಯಬೇಕು, ಎಲೆ ಹೊರಗೆ ಜಾರಬೇಕು ಎಂಬುದು ಅದರ ತತ್ತ್ವ. ಅಮೆರಿಕದಲ್ಲಿ ಇದು ಬಹಳ ಪ್ರಚಾರ ಪಡೆದ ವಸ್ತು. ನೀರಿನ ರಭಸ ಮಿತಿ ಮೀರಿದಾಗ ಎಲೆಯೊಡನೆ ನೀರೂ ಹೊರಗೆ ಹೋಗುವುದು ಇದರ ದೋಷ.

ಎಲ್ಲ ಬಗೆಗಳಿಗೂ ಸಮಾನವಾದ ಒಂದು ಮಾತಿದೆ. ‘ಒಮ್ಮೆ ಹಾಕಿಸಿದರೆ ಮತ್ತೆ ಮಾಡು ಹತ್ತಬೇಕಾಗಿಲ್ಲ’ ಎಂದು ಮಾರಾಟಗಾರರು ಹೇಳುವುದು ನಿಜವಲ್ಲ. ಜಾಲರಿ ಕಸವನ್ನು ಇಲ್ಲವಾಗಿಸುವುದಿಲ್ಲ, ದಂಬೆಯ ಒಳಗೆ ಬೀಳಬೇಕಾದ ಕಸವನ್ನು ಅದರ ಮೇಲೆ ನಿಲ್ಲಿಸುತ್ತದೆ. ಒಳಗಿನ ಕೊಳೆಯನ್ನು ಬಾಚುವ ಕೆಲಸ ಹೋಗಿ ಮೇಲಿನ ಕಸವನ್ನು ಗುಡಿಸುವ ಕೆಲಸ ಬರುತ್ತದೆ. ಎರಡನೆಯದು ಹಗುರ, ಅಷ್ಟೇ.

ಮೊದಲ ಲೆಕ್ಕ

2017ರಲ್ಲಿ ನನ್ನ ಮನೆಗೆ ಮಾಡಿದ ಲೆಕ್ಕ ಹೀಗಿತ್ತು. ದಂಬೆಯ ಒಟ್ಟು ಉದ್ದ 120 ಅಡಿ. ಮೇ ಕೊನೆಗೊಮ್ಮೆ, ಜುಲೈ ನಡುವೆ ಒಮ್ಮೆ, ದೀಪಾವಳಿಯ ಬಳಿಕ ಒಮ್ಮೆ, ಹೀಗೆ ವರ್ಷಕ್ಕೆ ಮೂರು ಬಾರಿ ಶುಚಿ ಮಾಡಿಸುತ್ತಿದ್ದೆ. ಪ್ರತಿ ಬಾರಿ ಇಬ್ಬರ ಕೂಲಿ ಸೇರಿ ರೂ. 1,500, ವರ್ಷಕ್ಕೆ ರೂ. 4,500. ಸ್ಟೇನ್‌ಲೆಸ್ ಉಕ್ಕಿನ ಜಾಲರಿಗೆ ಜೋಡಣೆಯೂ ಸೇರಿ ಅಡಿಗೆ ರೂ. 250ರಂತೆ ರೂ. 30,000 ಕೇಳಿದ್ದರು. ಜಾಲರಿ ಹಾಕಿದ ಮೇಲೆ ವರ್ಷಕ್ಕೆ ಒಂದೇ ಬಾರಿ ಗುಡಿಸಿದರೆ ಸಾಕೆಂದು ಭಾವಿಸಿದರೆ ಖರ್ಚು ರೂ. 1,500ಕ್ಕೆ ಇಳಿಯುತ್ತದೆ, ವಾರ್ಷಿಕ ಉಳಿತಾಯ ರೂ. 3,000.

ಮೇಲುನೋಟಕ್ಕೆ ಹತ್ತು ವರ್ಷದಲ್ಲಿ ಅಸಲು ಮರಳುತ್ತದೆ. ಆದರೆ ಹತ್ತನೆಯ ವರ್ಷದ ಮೂರು ಸಾವಿರ ಇಂದಿನ ಮೂರು ಸಾವಿರವಲ್ಲ. ಶೇ. 8ರ ಬಡ್ಡಿ ಹಿಡಿದರೆ ಹತ್ತು ವರ್ಷ ಕಾಲ ಪ್ರತಿ ವರ್ಷ ದೊರೆಯುವ ಒಂದು ರೂಪಾಯಿಯ ಇಂದಿನ ಬೆಲೆ ಒಟ್ಟು ರೂ. 6.71. ಆ ಪ್ರಕಾರ ರೂ. 3,000ದ ಉಳಿತಾಯದ ಇಂದಿನ ಬೆಲೆ ರೂ. 20,130. ರೂ. 30,000 ತೊಡಗಿಸಿ ರೂ. 20,130 ಪಡೆಯುವುದೆಂದರೆ ರೂ. 9,870 ನಷ್ಟ. ‘ಲಾಭದಾಯಕವಲ್ಲ’ ಎಂದು ಬರೆದು, ಕಾಗದವನ್ನು ಕಡತಕ್ಕೆ ಸೇರಿಸಿದೆ. ಅದು ಈಗಲೂ ಅಲ್ಲಿದೆ.

ಪುಸ್ತಕದಲ್ಲಿ ಕಾಣದ ಬಾಬ್ತು

ಮರುವರ್ಷ, 2018ರ ಜುಲೈಯಲ್ಲಿ, ಹಲವು ವರ್ಷಗಳಿಂದ ನಮ್ಮ ಮನೆಯ ಈ ಕೆಲಸಕ್ಕೆ ಬರುತ್ತಿದ್ದವರು ಮಹಡಿಯ ಪಶ್ಚಿಮ ಪಾರ್ಶ್ವದಲ್ಲಿ ಏಣಿಯಿಂದ ಜಾರಿ ಬಿದ್ದರು. ಮೂರು ದಿನ ಎಡೆಬಿಡದೆ ಮಳೆ ಸುರಿದು ಆ ದಿನ ತುಸು ಹೊಳವಾಗಿತ್ತು. ದಂಬೆ ಕಟ್ಟಿಕೊಂಡು ನೀರು ಮಲಗುವ ಕೋಣೆಯ ಗೋಡೆಗೆ ಇಳಿಯುತ್ತಿದ್ದುದರಿಂದ ನಾನೇ ಕರೆ ಕಳುಹಿಸಿದ್ದೆ. ಏಣಿ ನಿಂತಿದ್ದ ನೆಲದಲ್ಲಿ ಪಾಚಿಯಿತ್ತು. ಕೆಳಗೆ ಏಣಿ ಹಿಡಿದಿದ್ದಾತ ಕಸದ ಬುಟ್ಟಿ ಇಳಿಸಿಕೊಳ್ಳಲು ಒಂದು ಕ್ಷಣ ಕೈ ಬಿಟ್ಟಿದ್ದ. ಸೊಂಟದ ಎಲುಬು ಮುರಿಯಿತು. ಶಸ್ತ್ರಚಿಕಿತ್ಸೆಯಾಗಿ ಅವರು ಮರಳಿ ನಡೆದಾಡುವಷ್ಟರಲ್ಲಿ ದೀಪಾವಳಿ ಕಳೆದಿತ್ತು. ಮಾಡು ಹತ್ತುವ ಕೆಲಸಕ್ಕೆ ಅವರು ಆಮೇಲೆ ಹೋಗಲಿಲ್ಲ.

ಆಸ್ಪತ್ರೆಯ ಖರ್ಚನ್ನೂ, ಅಷ್ಟು ತಿಂಗಳು ಅವರ ಮನೆಯ ಖರ್ಚನ್ನೂ ನಾನು ವಹಿಸಿಕೊಂಡೆ. ಅದು ದೊಡ್ಡ ಮಾತಲ್ಲ, ವಹಿಸಿಕೊಳ್ಳಬೇಕಾದದ್ದೇ. ಆದರೆ ಲೆಕ್ಕಪರಿಶೋಧಕನಾಗಿ ಒಂದು ಸಂಗತಿ ನನ್ನನ್ನು ಕಾಡಿತು. ಆ ಒಂದು ಬಿಲ್ಲಿನ ಮೊತ್ತ, ದಂಬೆ ಶುಚಿಗೊಳಿಸಲು ನಾನು ಹದಿನೈದು ವರ್ಷಗಳಲ್ಲಿ ಕೊಟ್ಟ ಕೂಲಿಯೆಲ್ಲವನ್ನೂ ಮೀರಿತ್ತು. ಹಿಂದಿನ ವರ್ಷದ ನನ್ನ ಕಾಗದದಲ್ಲಿ ಈ ಬಾಬ್ತಿಗೆ ಒಂದು ಸಾಲೂ ಇರಲಿಲ್ಲ. ಕೂಲಿ ಕಡಿಮೆಯಾಗಿದ್ದುದರಿಂದ ಕೆಲಸವೂ ಅಗ್ಗವೆಂದು ಎಣಿಸಿದ್ದೆ. ವಾಸ್ತವದಲ್ಲಿ ಅದರ ಬೆಲೆಯ ಒಂದು ಪಾಲನ್ನು ಪ್ರತಿ ಜುಲೈಯಲ್ಲಿ ಏಣಿ ಹತ್ತುವವರು ತಮ್ಮ ಮೈಮೇಲೆ ಹೊತ್ತುಕೊಳ್ಳುತ್ತಿದ್ದರು.

ಎರಡನೆಯ ಲೆಕ್ಕ

ಅದೇ ಕಾಗದವನ್ನು ಮತ್ತೆ ತೆರೆದು ಕುಳಿತಾಗ ಇನ್ನೊಂದು ದೋಷವೂ ಕಂಡಿತು. ನಾನು ಇಡೀ ಮನೆಯನ್ನು ಒಂದೇ ಘಟಕವೆಂದು ಪರಿಗಣಿಸಿದ್ದೆ. ವ್ಯಾಪಾರದಲ್ಲಿ ಹತ್ತು ಸರಕುಗಳನ್ನು ಒಟ್ಟಿಗೆ ಸೇರಿಸಿ ಲಾಭ ನಷ್ಟ ನೋಡಿದರೆ ಯಾವುದು ದುಡಿಯುತ್ತದೆ, ಯಾವುದು ತಿನ್ನುತ್ತದೆ ಎಂಬುದು ಮುಚ್ಚಿಹೋಗುತ್ತದೆ ಎಂದು ಇದೇ ಪುಟಗಳಲ್ಲಿ ಬರೆದವನು ನಾನು. ಮನೆಯ ಮಟ್ಟಿಗೆ ಅದೇ ತಪ್ಪನ್ನು ಮಾಡಿದ್ದೆ.

120 ಅಡಿಯಲ್ಲಿ ಮಹಡಿಯ ಪಶ್ಚಿಮ ಪಾರ್ಶ್ವ 40 ಅಡಿ. ಹಲಸಿನ ಮರವಿರುವುದು ಅಲ್ಲಿ, ಎತ್ತರವಿರುವುದೂ ಅಲ್ಲಿ. ಪ್ರತಿ ಬಾರಿಯ ರೂ. 1,500ರಲ್ಲಿ ರೂ. 1,000 ಈ ಭಾಗಕ್ಕೇ ಹೋಗುತ್ತಿತ್ತು. ಉಳಿದ 80 ಅಡಿ ನೆಲದಿಂದ ಎಂಟು ಒಂಬತ್ತು ಅಡಿಯಲ್ಲಿದ್ದು, ಸ್ಟೂಲಿನ ಮೇಲೆ ನಿಂತು ಬಾಚಬಹುದಾದಷ್ಟು ಸುಲಭ. ವಿಂಗಡಿಸಿದ ಲೆಕ್ಕ ಹೀಗಾಯಿತು:

ಪಶ್ಚಿಮ ಪಾರ್ಶ್ವ, 40 ಅಡಿ: ತೊಡಗಣೆ ರೂ. 10,000. ವಾರ್ಷಿಕ ಖರ್ಚು ರೂ. 3,000ದಿಂದ ರೂ. 1,000ಕ್ಕೆ. ಉಳಿತಾಯ ರೂ. 2,000, ಇಂದಿನ ಬೆಲೆ ರೂ. 13,420. ನಿವ್ವಳ ಲಾಭ ರೂ. 3,420.

ಉಳಿದ ಪಾರ್ಶ್ವಗಳು, 80 ಅಡಿ: ತೊಡಗಣೆ ರೂ. 20,000. ವಾರ್ಷಿಕ ಖರ್ಚು ರೂ. 1,500ರಿಂದ ರೂ. 500ಕ್ಕೆ. ಉಳಿತಾಯ ರೂ. 1,000, ಇಂದಿನ ಬೆಲೆ ರೂ. 6,710. ನಿವ್ವಳ ನಷ್ಟ ರೂ. 13,290.

ಎರಡನ್ನೂ ಕೂಡಿಸಿದರೆ ಮೊದಲಿನ ರೂ. 9,870ರ ನಷ್ಟವೇ ಬರುತ್ತದೆ. ಅಂಕಿಗಳು ಬದಲಾಗಿಲ್ಲ, ಆದರೆ ಉತ್ತರ ಬದಲಾಯಿತು. ಮೂರನೆಯ ಒಂದು ಪಾಲು ಮಾಡಿಗೆ ಜಾಲರಿ ಹಾಕಿಸುವುದು ಕೂಲಿಯ ಉಳಿತಾಯದಿಂದಲೇ ಸಮರ್ಥನೀಯವಾಗಿತ್ತು, ಬಿದ್ದವರ ಎಲುಬಿನ ಬೆಲೆಯನ್ನು ಸೇರಿಸದೆಯೇ.

ಇಲ್ಲಿ ಬಾಳಿಕೆಯ ಪ್ರಶ್ನೆ ಮುಖ್ಯ. ಹತ್ತು ವರ್ಷ ಬಾಳುವ ಜಾಲರಿ ಲಾಭ ತರುತ್ತದೆ. ಐದೇ ವರ್ಷ ಬಾಳಿದರೆ ಅದೇ ಉಳಿತಾಯದ ಇಂದಿನ ಬೆಲೆ ರೂ. 7,986 ಮಾತ್ರ, ಅಂದರೆ ನಷ್ಟ. ಅಸಲು ಮರಳಬೇಕಾದರೆ ಏಳು ವರ್ಷವಾದರೂ ಬಾಳಬೇಕು. ಸಮುದ್ರದ ಉಪ್ಪುಗಾಳಿ ಬೀಸುವ ಊರುಗಳಲ್ಲಿ ಸಾಧಾರಣ ಜಿ.ಐ. ಬಲೆ ಅಷ್ಟು ಕಾಲ ತುಕ್ಕು ಹಿಡಿಯದೆ ಉಳಿಯುವುದು ಕಷ್ಟ. ಸ್ಟೇನ್‌ಲೆಸ್ ಉಕ್ಕಿನಲ್ಲಿಯೂ 304 ದರ್ಜೆಗಿಂತ 316 ದರ್ಜೆ ಉಪ್ಪಿನ ಅಂಶವನ್ನು ಹೆಚ್ಚು ತಾಳಿಕೊಳ್ಳುತ್ತದೆ. ಬಿಲ್ಲಿನಲ್ಲಿ ದರ್ಜೆಯನ್ನು ಬರೆಸಿಕೊಳ್ಳುವುದು ಒಳಿತು. ಹತ್ತು ಸಾವಿರದಲ್ಲಿ ಎರಡು ಸಾವಿರ ಉಳಿಸಲು ಹೋಗಿ ಅರ್ಧ ಆಯುಷ್ಯದ ವಸ್ತುವನ್ನು ಕೊಂಡರೆ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

2019ರ ಏಪ್ರಿಲ್‌ನಲ್ಲಿ ಪಶ್ಚಿಮ ಪಾರ್ಶ್ವಕ್ಕೆ ಮಾತ್ರ ಜಾಲರಿ ಹಾಕಿಸಿದೆ. ಮೊದಲ ಮಳೆಗಾಲದಲ್ಲಿಯೇ ತೊಂದರೆ ಕಾಣಿಸಿತು. ನಾನು ಆರಿಸಿದ್ದ ಕಣ್ಣು ಅತಿ ಸಣ್ಣದಾಗಿದ್ದುದರಿಂದ ಜೋರು ಮಳೆಯ ನೀರು ಮೇಲಿನಿಂದ ಹಾರಿಹೋಗುತ್ತಿತ್ತು. ಅಲ್ಲಿ ಬೀಳುವುದು ಹಲಸಿನ ದೊಡ್ಡ ಎಲೆ. ಅದಕ್ಕೆ ಅಷ್ಟು ಸೂಕ್ಷ್ಮ ಜಾಲರಿಯ ಅಗತ್ಯವೇ ಇರಲಿಲ್ಲ. ಮರುವರ್ಷ ಕಣ್ಣು ದೊಡ್ಡದಿರುವುದನ್ನು ಹಾಕಿಸಿದೆ. ಹೀಗೆ ನನ್ನ ಲಾಭದ ರೂ. 3,420 ಅಲ್ಲಿಯೇ ಕರಗಿತು ಎಂಬುದನ್ನು ಮುಚ್ಚಿಡಬಾರದು.

ಆದರೂ ನನಗೆ ವಿಷಾದವಿಲ್ಲ. ಜಾಲರಿಯಿಂದ ಆದ ನಿಜವಾದ ಪ್ರಯೋಜನ ಬೇರೆ. ಏಣಿ ಹತ್ತುವುದು ನಿಲ್ಲಲಿಲ್ಲ, ಏಣಿ ಹತ್ತುವ ಕಾಲ ಬದಲಾಯಿತು. ಜುಲೈಯ ಪಾಚಿಯ ಮೇಲೆ ಅವಸರದಲ್ಲಿ ಇಡುತ್ತಿದ್ದ ಏಣಿಯನ್ನು ಈಗ ಏಪ್ರಿಲ್‌ನ ಒಣ ನೆಲದಲ್ಲಿ, ಬೆಳಗಿನ ಬೆಳಕಿನಲ್ಲಿ, ಮೇಲೆ ಹಗ್ಗ ಕಟ್ಟಿ ಇಡುತ್ತೇವೆ. ವರ್ಷಕ್ಕೆ ಮೂರು ಬಾರಿಯ ಬದಲು ಒಂದು ಬಾರಿ.

ಗೋದಾಮಿನ ಮಾತು ಬೇರೆ

ಸದಸ್ಯರಲ್ಲಿ ಹೆಚ್ಚಿನವರಿಗೆ ಮನೆಯ ಜೊತೆಗೆ ಗೋದಾಮೂ ಉಂಟು. ಮನೆಗೆ ಸರಿಯಾದುದು ಅಲ್ಲಿಗೆ ಸರಿಯೆಂದು ಭಾವಿಸಬಾರದು. ಮನೆಯ ಸೂರಿನ ದಂಬೆ ತುಂಬಿದರೆ ನೀರಿನ ಬಹುಪಾಲು ಹೊರಗೆ ಚೆಲ್ಲುತ್ತದೆ. ಎರಡು ಶೀಟಿನ ಮಾಡುಗಳು ಕೂಡುವಲ್ಲಿ, ನಡುವೆ ಇರುವ ದಂಬೆ ತುಂಬಿದರೆ ನೀರು ಒಳಗೆ, ಸರಕಿನ ಮೇಲೆ ಬೀಳುತ್ತದೆ. ಅಡಿಕೆ, ಗೋಡಂಬಿ, ಕಾಗದ, ಗೋಣಿಚೀಲದ ಧಾನ್ಯ ಯಾವುದಕ್ಕೂ ಒಂದು ರಾತ್ರಿಯ ನೀರು ಸಾಕು. ಇಂತಹ ನಡುದಂಬೆಗೆ ಸೂಕ್ಷ್ಮ ಜಾಲರಿ ಹಾಕುವುದು ಅಪಾಯಕಾರಿ. ಜಾಲರಿ ಮುಚ್ಚಿಕೊಂಡದ್ದು ಕೆಳಗಿನಿಂದ ಕಾಣಿಸದು. ಅಲ್ಲಿ ಬೇಕಾದುದು ಅಗಲವಾದ ದಂಬೆ, ಕೊಳವೆಯ ಬಾಯಿಗೆ ಗುಮ್ಮಟದಂತಹ ಎತ್ತರದ ಜಾಲರಿ, ದಂಬೆ ತುಂಬಿದರೆ ನೀರು ಕಟ್ಟಡದ ಹೊರಗೆ ಹೋಗುವಂತೆ ತುದಿಯಲ್ಲೊಂದು ಹೆಚ್ಚುವರಿ ಕಿಂಡಿ, ಮತ್ತು ಸುರಕ್ಷಿತವಾಗಿ ನಡೆದು ನೋಡಲು ಹಲಗೆಯ ದಾರಿ.

ವಿಮೆ ಇದೆಯೆಂದು ನೆಮ್ಮದಿಯಾಗಿರುವವರೂ ಪಾಲಿಸಿಯನ್ನೊಮ್ಮೆ ಓದಬೇಕು. 2021ರ ಏಪ್ರಿಲ್‌ನಿಂದ ಜಾರಿಗೆ ಬಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ, ಭಾರತ್ ಲಘು ಉದ್ಯಮ ಸುರಕ್ಷಾ, ಮನೆಗಳಿಗಾದರೆ ಭಾರತ್ ಗೃಹ ರಕ್ಷಾ ಪಾಲಿಸಿಗಳಲ್ಲಿ ಚಂಡಮಾರುತ, ಪ್ರವಾಹಗಳಿಂದಾಗುವ ಹಾನಿ ಸೇರಿದೆ. ಆದರೆ ಸವೆತದಿಂದ, ನಿರ್ವಹಣೆಯ ಕೊರತೆಯಿಂದ ನಿಧಾನವಾಗಿ ಇಳಿದ ತೇವವನ್ನು ಸರ್ವೇಯರ್ ಬೇರೆ ಕಣ್ಣಿನಿಂದ ನೋಡುತ್ತಾರೆ. ದಂಬೆ ಶುಚಿಗೊಳಿಸಿದ ದಿನಾಂಕ, ಕೂಲಿಯ ವೋಚರ್, ಒಂದೆರಡು ಛಾಯಾಚಿತ್ರಗಳನ್ನು ಕಡತದಲ್ಲಿಟ್ಟರೆ ಕ್ಲೇಮಿನ ಸಮಯದಲ್ಲಿ ಅವೇ ಸಾಕ್ಷಿ. ಗೋದಾಮು, ಕಾರ್ಖಾನೆಗಳಲ್ಲಿ ಕೆಲಸಗಾರನಿಗೆ ಅಪಘಾತವಾದರೆ, ಆತ ಗುತ್ತಿಗೆದಾರನ ಮೂಲಕ ಬಂದಿದ್ದರೂ, ಪರಿಹಾರದ ಹೊಣೆ ಮಾಲೀಕರ ಮೇಲೆ ಬರಬಹುದೆಂಬುದನ್ನೂ ಮರೆಯಬಾರದು. ಅದಕ್ಕೆ ಪ್ರತ್ಯೇಕ ವಿಮೆಯಿದೆ.

ತೆರಿಗೆಯ ದೃಷ್ಟಿಯಿಂದ

ಸ್ವಂತ ವಾಸದ ಮನೆಗೆ ಮಾಡಿದ ಈ ಖರ್ಚಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇಲ್ಲ. ಬಾಡಿಗೆಗೆ ಕೊಟ್ಟ ಮನೆಯಾದರೆ ವಾರ್ಷಿಕ ಮೌಲ್ಯದ ಶೇ. 30ರಷ್ಟು ಕಡಿತ ಹೇಗೂ ದೊರೆಯುತ್ತದೆ. ಜಾಲರಿ ಹಾಕಿಸಿದರೂ ಹಾಕಿಸದಿದ್ದರೂ ಅದು ಅಷ್ಟೇ. ವ್ಯಾಪಾರದ ಕಟ್ಟಡದಲ್ಲಿ ಹಳೆಯ ದಂಬೆಯ ದುರಸ್ತಿ ಆ ವರ್ಷದ ಖರ್ಚಾಗುತ್ತದೆ. ಹೊಸದಾಗಿ ಅಳವಡಿಸಿ ಬಂಡವಾಳ ಖರ್ಚೆಂದು ದಾಖಲಿಸಿದರೆ ಸವಕಳಿ ಮಾತ್ರ ಸಿಗುತ್ತದೆ. ಜಿಎಸ್‌ಟಿಯಲ್ಲಿಯೂ ಕಟ್ಟಡದ ಕಾಮಗಾರಿಯನ್ನು ಬಂಡವಾಳವೆಂದು ಬರೆದಷ್ಟು ಮೊತ್ತಕ್ಕೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯದು. ಆದುದರಿಂದ ಬಿಲ್ಲು ಬರೆಸುವ ಮುನ್ನವೇ ತಮ್ಮ ಲೆಕ್ಕಪರಿಶೋಧಕರೊಡನೆ ಮಾತನಾಡುವುದು ಲೇಸು.

ನಿರ್ಧರಿಸುವ ಮುನ್ನ

1. ಮಾಡಿನ ಪ್ರತಿ ಪಾರ್ಶ್ವದ ಉದ್ದ, ಎತ್ತರ, ಸಮೀಪದ ಮರ ಇವನ್ನು ಬೇರೆ ಬೇರೆಯಾಗಿ ಬರೆದುಕೊಳ್ಳಿ. ಲೆಕ್ಕವನ್ನೂ ಬೇರೆ ಬೇರೆಯಾಗಿಯೇ ಮಾಡಿ.

2. ಮೊದಲು ಅಗ್ಗದ ಉಪಾಯಗಳನ್ನು ಮುಗಿಸಿ. ಚಾಚಿದ ಕೊಂಬೆ ಕಡಿಸುವುದು, ಹತ್ತು ಅಡಿಗೆ ಕಾಲರಿಂದ ಅರ್ಧ ಅಂಗುಲದಷ್ಟು ದಂಬೆಗೆ ಇಳಿಜಾರು ಕೊಡುವುದು, ಸಣ್ಣ ಕೊಳವೆಯ ಬದಲು ದೊಡ್ಡದನ್ನು ಹಾಕುವುದು. ಎಷ್ಟೋ ಮನೆಗಳಲ್ಲಿ ದೋಷವಿರುವುದು ಇಳಿಜಾರಿನಲ್ಲಿ, ಎಲೆಯಲ್ಲಲ್ಲ.

3. ಬೀಳುವ ಎಲೆಯ ಗಾತ್ರ ನೋಡಿ ಜಾಲರಿಯ ಕಣ್ಣನ್ನು ಆರಿಸಿ. ಹೆಂಚನ್ನು ಎಬ್ಬಿಸಿ ಅದರಡಿ ಸಿಕ್ಕಿಸುವ ಬಗೆಯನ್ನು ಒಪ್ಪಬೇಡಿ, ಹೆಂಚು ಸರಿದು ಹೊಸ ಸೋರಿಕೆಯಾದೀತು.

4. ಮಾಡಿನ ನೀರನ್ನು ಬಾವಿಗೆ ಬಿಡುವವರು ಜಾಲರಿಯನ್ನೇ ಶೋಧಕವೆಂದು ನಂಬಬೇಡಿ. ಮೊದಲ ಮಳೆಯ ನೀರನ್ನು ಹೊರಗೆ ಬಿಡಲು ಏರ್ಪಾಡು, ಬಾವಿಯ ಮುನ್ನ ಮರಳು ಜಲ್ಲಿಯ ಶೋಧಕ ಬೇಕೇ ಬೇಕು.

5. ಮಹಡಿಯ ಎತ್ತರಕ್ಕೆ ಮಳೆಗಾಲದಲ್ಲಿ ಯಾರನ್ನಾದರೂ ಹತ್ತಿಸಬೇಕಾಗುತ್ತದೆಯೇ? ಹೌದಾದರೆ ಉಳಿದ ಲೆಕ್ಕ ನಷ್ಟವನ್ನೇ ತೋರಿಸಿದರೂ ಆ ಪಾರ್ಶ್ವಕ್ಕೆ ಜಾಲರಿ ಹಾಕಿಸಿ.

ಐದನೆಯ ಅಂಶಕ್ಕೆ ನನ್ನಲ್ಲಿ ಸೂತ್ರವಿಲ್ಲ, ಗುಣಕವೂ ಇಲ್ಲ. ಅಂದು ಬಿದ್ದವರು ಈಗ ಸಣ್ಣದೊಂದು ಅಂಗಡಿ ಇಟ್ಟುಕೊಂಡಿದ್ದಾರೆ, ತುಸು ಕುಂಟುತ್ತಾರೆ. ಮಳೆ ಬಿರುಸಾದ ದಿನ ಎದುರಾದರೆ ‘ಪಡುವಣ ದಂಬೆ ಕಟ್ಟಿಲ್ಲವಷ್ಟೇ ಧಣಿ?’ ಎಂದು ಈಗಲೂ ಕೇಳುತ್ತಾರೆ. ಇಲ್ಲವೆಂದು ಹೇಳಲು ಸಾಧ್ಯವಾಗಿರುವುದೇ ಆ ಹತ್ತು ಸಾವಿರದ ಪ್ರತಿಫಲವೆಂದು ನಾನು ಭಾವಿಸಿದ್ದೇನೆ. ಅದನ್ನು ಎರಡು ವರ್ಷ ಮೊದಲೇ ಖರ್ಚು ಮಾಡಬಹುದಿತ್ತು.